ರುಚಿ ನೋಡದೆ ಮಾಡಿದ ಸಿಹಿಖಾರ

ಬೆಳಿಗ್ಗೆ ಎಂಟು ಗಂಟೆಗೆ ಹೆಂಡತಿ ಅಟ್ಟದಿಂದ ಸೂಟ್‌ಕೇಸ್ ಇಳಿಸಿ, ಒದ್ದೆ ಬಟ್ಟೆಯಿಂದ ಅದರ ಧೂಳು ಒರೆಸಿದಳು. ಅಷ್ಟೇ ನಡೆದದ್ದು. ಆಮೇಲೆ ಲ್ಯಾಬಣ್ಣನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಹಜಾರದಿಂದ ಅಡುಗೆಮನೆಗೆ ಹೋದ, ಅಡುಗೆಮನೆಯಿಂದ ಹಿತ್ತಲ ಬಾಗಿಲಿಗೆ ಹೋದ, ಯಾಕೆ ಬಂದೆನೆಂದು ನೆನಪಾಗದೆ ಮತ್ತೆ ಹಜಾರಕ್ಕೆ ಬಂದ. ಗಡಿಯಾರ ನೋಡಿದ. ಎಂಟೂ ಹತ್ತು. ಇನ್ನೊಂದು ಸುತ್ತು ಹಾಕಿ ಬಂದು ನೋಡಿದ. ಎಂಟೂ ಹನ್ನೆರಡು.

"ಹನ್ನೊಂದಕ್ಕೆ ಅಕ್ಕ ಕಾರು ತಗೊಂಡು ಬರ್ತಾಳೆ," ಎಂದಳು ಹೆಂಡತಿ, ಮಲಗುವ ಕೋಣೆಯಿಂದಲೇ. "ಅವಳ ಮನೇಲಿ ಸ್ವಲ್ಪ ದಿನ ಇದ್ದು ಬರ್ತೀನಿ."

"ಸ್ವಲ್ಪ ದಿನ ಅಂದ್ರೆ?"

"ನೋಡೋಣ."

"ನೋಡೋಣ ಅಂದ್ರೆ ಎಷ್ಟು?"

"ನೋಡೋಣ ಅಂದ್ರೆ ನೋಡೋಣ, ಅಷ್ಟೇ."

ಮೂವತ್ತನಾಲ್ಕು ವರ್ಷ ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಸಹಾಯಕನಾಗಿದ್ದವನಿಗೆ 'ನೋಡೋಣ' ಎಂಬುದು ಯಾವ ಅಳತೆಗೂ ಸಿಗದ ಮಾತು. ಹುಡುಗರು ಇಟ್ಟ ಹೆಸರೇ ಲ್ಯಾಬಣ್ಣ. ನಿವೃತ್ತಿಯಾಗಿ ನಾಲ್ಕು ತಿಂಗಳಾದರೂ ಆ ಹೆಸರು ಅವನ ಬೆನ್ನು ಬಿಟ್ಟಿರಲಿಲ್ಲ. ಲ್ಯಾಬೂ ಅವನ ತಲೆಯಿಂದ ಇಳಿದಿರಲಿಲ್ಲ. ಮನೆಗೆ ಬಂದ ಮೊದಲ ವಾರವೇ ಹೆಂಡತಿಯ ಅಡುಗೆಮನೆಯ ತಗಡಿನ ಡಬ್ಬಿಗಳನ್ನೆಲ್ಲ ತೆಗೆದು, ಒಂದೇ ಅಳತೆಯ ಗಾಜಿನ ಜಾಡಿಗಳನ್ನು ತಂದು, ಎಲ್ಲಕ್ಕೂ ಚೀಟಿ ಅಂಟಿಸಿ, ಅಕ್ಷರಮಾಲೆಯ ಪ್ರಕಾರ ಸಾಲಾಗಿ ಜೋಡಿಸಿಟ್ಟಿದ್ದ. ನಾಲ್ಕನೆಯ ದಿನ ಅವಳು ಅಷ್ಟೂ ಚೀಟಿಗಳನ್ನು ಕಿತ್ತು ಅವನ ಅಂಗೈಗೆ ಹಾಕಿದ್ದಳು.

"ನಾನು ನಿಮ್ಮ ಹೆಂಡ್ತಿ ಕಣ್ರೀ, ಫಸ್ಟ್ ಇಯರ್ ಸ್ಟೂಡೆಂಟ್ ಅಲ್ಲ," ಎಂದು ಅರ್ಧ ಗಂಟೆ ಬಿಡದೆ ಬೈದಿದ್ದಳು. ಬೈಸಿಕೊಳ್ಳುತ್ತ ಲ್ಯಾಬಣ್ಣನಿಗೆ ಒಳಗೊಳಗೇ ಖುಷಿಯಾಗಿತ್ತು. ಲ್ಯಾಬಿನಲ್ಲಿ ಅವನನ್ನು ಯಾರೂ ಅಷ್ಟು ಮನಸ್ಸಿಟ್ಟು ಬೈದಿರಲಿಲ್ಲ.

ಆ ಬೈಗುಳ ನಿಂತು ಈಗ ಆರು ವಾರ. ನೆಗಡಿ, ಜ್ವರ ಎಂದು ಅವಳು ನಾಲ್ಕು ದಿನ ಮಲಗಿದ್ದಳು. ಎದ್ದ ಮೇಲೆ ಬೇರೆಯೇ ಹೆಂಗಸಾಗಿಬಿಟ್ಟಳು. ಹೊಲಿಗೆ ಮೆಷಿನ್ನಿನ ಮುಂದೆ ಕೂತರೆ ತಲೆ ಎತ್ತುವುದಿಲ್ಲ. ಅಕ್ಕನ ಫೋನು ಬಂದರೆ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಒಂದು ದಿನ ಹಾಲು ಉಕ್ಕಿ, ಸೀದು, ಮನೆಯೆಲ್ಲ ವಾಸನೆ ಹಬ್ಬಿದರೂ ಅಲ್ಲೇ ಎರಡು ಮಾರು ದೂರದಲ್ಲಿ ಕೂತು ಗುಂಡಿ ಹಚ್ಚುತ್ತಿದ್ದಳು. ಅವನೇ ಓಡಿಹೋಗಿ ಒಲೆ ಆರಿಸಿ, ಪಾತ್ರೆ ತಿಕ್ಕಿಟ್ಟು, ತುಟಿ ಪಿಟಕ್ಕೆನ್ನದೆ ಸುಮ್ಮನಾದ. ಈ ಮನೆಯೇ ಬೇಡವಾದವಳಿಗೆ ಹಾಲು ಸೀದರೇನು, ಬಿಟ್ಟರೇನು ಎಂದುಕೊಂಡ.

ಊಟದ ಕಥೆ ಕೇಳಲೇಬೇಡಿ. ಸೂಪಿಗೆ ಬಾಯಿಟ್ಟರೆ ಉಪ್ಪು ತಲೆಗೆ ಹೊಡೆಯುತ್ತಿತ್ತು. ಮಾರನೆಯ ದಿನ ಬೇಯಿಸಿದ ಆಲೂಗಡ್ಡೆಗೆ ಉಪ್ಪೇ ಇರುತ್ತಿರಲಿಲ್ಲ. ಅದರ ಮಾರನೆಯ ದಿನ ಮತ್ತೆ ಎರಡರಷ್ಟು. ಅವನು ತುತ್ತು ಬಾಯಿಗಿಡುವಾಗ ಅವಳು ಎದುರು ಕೂತು ಕಣ್ಣು ಮಿಟುಕಿಸದೆ ಅವನ ಮುಖವನ್ನೇ ದಿಟ್ಟಿಸುತ್ತಿದ್ದಳು. ಲ್ಯಾಬಣ್ಣ ಲೆಕ್ಕ ಹಾಕಿದ. ಇದು ಶಿಕ್ಷೆ. ಇಡೀ ದಿನ ಮನೆಯಲ್ಲಿ ಕಾಲಿಗೆ ತೊಡರುತ್ತ, ಅದನ್ನು ಮುಟ್ಟಿ ಇದನ್ನು ಮುಟ್ಟಿ ಅವಳ ಪ್ರಾಣ ತಿಂದದ್ದಕ್ಕೆ ಶಿಕ್ಷೆ. ಮುಖ ಸಿಂಡರಿಸಿದರೆ ಜಗಳವಾಗುತ್ತದೆ, ಜಗಳವಾದರೆ ಅವಳು ಎದ್ದು ಹೊರಟೇಬಿಡುತ್ತಾಳೆ. ಅದಕ್ಕೇ ಅವನು ಮುಖವನ್ನು ಕಲ್ಲು ಮಾಡಿಕೊಂಡು ತಿಂದ. ಅಷ್ಟಕ್ಕೇ ಬಿಡದೆ ಎರಡನೆಯ ಸಲವೂ ಬಡಿಸಿಕೊಂಡು ತಿಂದ. ಆಮೇಲೆ ಹಿತ್ತಲಿಗೆ ಹೋಗಿ ಒಂದು ತಂಬಿಗೆ ನೀರು ಕುಡಿಯುತ್ತಿದ್ದ.

ಇಷ್ಟೆಲ್ಲ ಮಾಡಿಯೂ ಇವತ್ತು ಸೂಟ್‌ಕೇಸ್ ಕೆಳಗಿಳಿದಿತ್ತು.

ಒಂಬತ್ತಕ್ಕೆ ಲ್ಯಾಬಣ್ಣ ಫ್ರಿಜ್ಜಿನ ಬಾಗಿಲು ತೆಗೆದ, ಸುಮ್ಮನೆ. ತೆಗೆಯುವುದಕ್ಕೆ ಬೇರೆ ಏನೂ ಇರಲಿಲ್ಲವೆಂದು. ಬಾಗಿಲಿನ ಗೂಡಿನಲ್ಲಿ ಸಿಹಿಖಾರದ ಬಾಟಲಿ ಖಾಲಿ ನಿಂತಿತ್ತು. ಹಸಿ ತರಕಾರಿಯ ಮೇಲೆ ಸುರಿದುಕೊಳ್ಳುವ ಡ್ರೆಸ್ಸಿಂಗಿಗೆ ಅವರ ಮನೆಯಲ್ಲಿ ಇಟ್ಟ ಹೆಸರು ಅದು. ಹಿತ್ತಲಲ್ಲಿ ಬೆಳೆದ ಸೊಪ್ಪು, ನಿಂಬೆರಸ, ಎಣ್ಣೆ, ಜೇನುತುಪ್ಪ, ಒಣಮೆಣಸಿನಕಾಯಿ, ಬೆಳ್ಳುಳ್ಳಿ. ಹಸಿ ತರಕಾರಿ ದನ ತಿನ್ನುವುದು ಎನ್ನುತ್ತಿದ್ದ ಲ್ಯಾಬಣ್ಣನೇ ಆ ಸಿಹಿಖಾರ ಇದ್ದರೆ ಒಂದಿಡೀ ಬೋಗುಣಿ ಸೌತೆಕಾಯಿ ಖಾಲಿ ಮಾಡುತ್ತಿದ್ದ. ಬಟ್ಟೆ ಹೊಲಿಸಲು ಬಂದವರು ಅಳತೆ ಕೊಡುವ ಮೊದಲು ಬಾಟಲಿ ಕೊಡುತ್ತಿದ್ದರು, ತುಂಬಿಸಿಕೊಡಿ ಎಂದು. ಆರು ವಾರದಿಂದ ಅವಳು ಅದನ್ನು ಮಾಡಿರಲಿಲ್ಲ. ಕೇಳಿದವರಿಗೆ ನಿಂಬೆಹಣ್ಣು ಸಿಗಲಿಲ್ಲ ಎನ್ನುತ್ತಿದ್ದಳು. ನಿಂಬೆಹಣ್ಣು ಬುಟ್ಟಿಯಲ್ಲೇ ಒಣಗುತ್ತಿದ್ದವು.

ಅವನಿಗೆ ಥಟ್ಟನೆ ಹೊಳೆಯಿತು. ತಾನೇ ಮಾಡಿಬಿಟ್ಟರೆ? ಅವಳು ಹೊರಡುವ ಮೊದಲು ಒಂದು ತುಂಬಿದ ಬಾಟಲಿ ಕೈಗಿಟ್ಟರೆ? ಈ ಗಂಡಸು ಕಾಲಿಗೆ ತೊಡರುವುದಷ್ಟೇ ಅಲ್ಲ, ಕೆಲಸಕ್ಕೂ ಬರುತ್ತಾನೆ ಎಂದು ಅವಳಿಗೆ ಅನ್ನಿಸಲಿ. ಅನ್ನಿಸಿದರೆ 'ನೋಡೋಣ' ಎಂಬುದು ನಾಲ್ಕು ದಿನವಾದರೂ ಆದೀತು. ಹೆಂಡತಿಯನ್ನು ಕೂರಿಸಿಕೊಂಡು "ಏನಾಯ್ತು ಮಾರಾಯ್ತಿ, ಯಾಕೆ ಹೊರಟೆ?" ಎಂದು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಅದು ಬಿಟ್ಟು ಉಳಿದದ್ದೆಲ್ಲ ಇವನಿಗೆ ಹೊಳೆಯುತ್ತದೆ.

ಕತ್ತರಿ ಹಿಡಿದು ಹಿತ್ತಲಿಗೆ ಹೋದ. ಬಿರುಕು ಬಿಟ್ಟ ಹಳೆಯ ಸಿಂಕಿನಲ್ಲಿ ಪುದೀನ, ಬಕೆಟ್ಟುಗಳಲ್ಲಿ ಸಬ್ಬಸಿಗೆ ಮತ್ತು ಕಾಮಕಸ್ತೂರಿ. ಪುದೀನ ಹದಿನೈದು ಕಡ್ಡಿ, ಸಬ್ಬಸಿಗೆ ಹತ್ತು, ಕಾಮಕಸ್ತೂರಿ ಎಲೆ ಇಪ್ಪತ್ತು. ಎಣಿಸಿ ಕತ್ತರಿಸಿದ, ಎಣಿಕೆ ತಪ್ಪಿತೇನೋ ಎನ್ನಿಸಿ ಅಂಗಳದಲ್ಲೇ ನಿಂತು ಮತ್ತೆ ಎಣಿಸಿದ. ಒಳಗಿನಿಂದ ಸೂಟ್‌ಕೇಸಿನ ಜಿಪ್ ಎಳೆದ ಸದ್ದು ಕೇಳಿತು. ಎಣಿಕೆ ಪೂರ್ತಿ ತಪ್ಪಿತು.

ನಿವೃತ್ತಿಯ ದಿನ ಕಾಲೇಜಿನವರು ನೆನಪಿಗೆಂದು ಕೊಟ್ಟಿದ್ದ ಹೊಸ ಅಳತೆ ಗಾಜನ್ನು ಬೀರುವಿನಿಂದ ತೆಗೆದು ತೊಳೆದ. ನಿಂಬೆರಸ ಹಿಂಡಿ, ಬೀಜ ಸೋಸಿ, ಕಣ್ಣಿನ ಮಟ್ಟಕ್ಕೆ ಹಿಡಿದು ಗೆರೆ ನೋಡಿದ. ಅದರ ಎರಡರಷ್ಟು ಎಣ್ಣೆ. ಬಿಸಿನೀರಿನಲ್ಲಿ ನೆನೆಸಿದ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಸೊಪ್ಪು ಎಲ್ಲವನ್ನೂ ಕುಟ್ಟಾಣಿಗೆ ಹಾಕಿ ಕುಟ್ಟಿದ. ನಾಲ್ಕು ಏಟು ಕುಟ್ಟುವುದು, ನಿಲ್ಲಿಸಿ ಕಿವಿಗೊಡುವುದು. ಬೀರುವಿನ ಬಾಗಿಲು ಕಿರುಗುಟ್ಟಿತು. ಅಂದರೆ ದಪ್ಪ ಶಾಲು ತೆಗೆದಳು. ದಪ್ಪ ಶಾಲು ಯಾಕೆ? ಚಳಿ ಶುರುವಾಗುವುದಕ್ಕೆ ಇನ್ನೂ ಎರಡು ತಿಂಗಳಿದೆ. ಎರಡು ತಿಂಗಳು! ಕೈ ಜಾರಿ ಕುಟ್ಟಾಣಿಯ ಖಾರ ಕಣ್ಣಿಗೆ ಸಿಡಿಯಿತು.

ಮುಖ ತೊಳೆದುಕೊಂಡು ಬಂದು ಜೇನಿನ ಬಾಟಲಿ ಬೋರಲು ಹಾಕಿದರೆ ಎರಡು ಚಮಚದಷ್ಟು ಇಳಿದು ನಿಂತುಹೋಯಿತು. ಬೇಕಾದದ್ದು ಎಂಟು. ಉಳಿದ ಆರಕ್ಕೆ ಪುಡಿಸಕ್ಕರೆ ಹಾಕಿದರಾಯಿತು ಎಂದು ಕಪಾಟಿಗೆ ಕೈ ಹಾಕಿದ. ಬಿಳಿಪುಡಿಯ ಜಾಡಿ ಎರಡಿದ್ದವು, ಎಡಕ್ಕೊಂದು, ಬಲಕ್ಕೊಂದು. ಚೀಟಿ ಎರಡಕ್ಕೂ ಇರಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದ. ಎರಡೂ ಬಿಳಿ, ಎರಡೂ ನುಣ್ಣಗೆ. ಮುಚ್ಚಳ ತೆಗೆದು, ಜಾಡಿಗೆ ಮೂಗು ತಾಗಿಸದೆ, ಕೈಯಿಂದ ಗಾಳಿಯನ್ನು ಮೂಗಿನ ಕಡೆ ಬೀಸಿಕೊಂಡು ವಾಸನೆ ನೋಡಿದ. ಎರಡಕ್ಕೂ ವಾಸನೆಯಿಲ್ಲ.

ಬೇರೆ ಯಾರೇ ಆಗಿದ್ದರೂ ಬೆರಳ ತುದಿಗೆ ಒಂದಿಷ್ಟು ಹಚ್ಚಿ ನೆಕ್ಕಿ ನೋಡುತ್ತಿದ್ದರು, ಎರಡು ಸೆಕೆಂಡಿನ ಕೆಲಸ. ಆದರೆ ಲ್ಯಾಬಣ್ಣನಿಂದ ಅದಾಗುವುದಿಲ್ಲ. ಏನೆಂದು ಗೊತ್ತಿಲ್ಲದ್ದನ್ನು ನಾಲಿಗೆಗೆ ಇಡಬಾರದು ಎಂದು ವರ್ಷಕ್ಕೆ ಇನ್ನೂರು ಹುಡುಗರ ಕಿವಿ ಹಿಂಡಿ ಹೇಳಿದವನು ಅವನು. ಒಮ್ಮೆ ಹೇಳಿದ ಮಾತು ಕೇಳದೆ ನೆಕ್ಕಿ ನೋಡಿದ ಹುಡುಗಿಯೊಬ್ಬಳನ್ನು ಎತ್ತಿಕೊಂಡು ಮೂರು ಮಹಡಿ ಇಳಿದು ಓಡಿದ್ದ. ಅವತ್ತಿನಿಂದ ಮನೆಯಲ್ಲೂ ಅವನು ಏನನ್ನೂ ರುಚಿ ನೋಡುತ್ತಿರಲಿಲ್ಲ. ತಟ್ಟೆಗೆ ಬಂದರೆ ಊಟ, ಅದಕ್ಕೆ ಮೊದಲು ಎಲ್ಲವೂ ಕೆಮಿಕಲ್ಲು.

ಹಾಗಾಗಿ ತಲೆ ಓಡಿಸಿದ. ಜಾಡಿಗಳನ್ನು ಜೋಡಿಸಿದ್ದು ತಾನೇ. ಅಕ್ಷರಮಾಲೆಯಲ್ಲಿ ಉಪ್ಪು ಮೊದಲು ಬರುತ್ತದೆ, ಸಕ್ಕರೆ ಕೊನೆಗೆ. ಆದ್ದರಿಂದ ಎಡಗಡೆಯದು ಉಪ್ಪು, ಬಲಗಡೆಯದು ಸಕ್ಕರೆ. ತರ್ಕದಲ್ಲಿ ಒಂದು ಕೂದಲಿನಷ್ಟೂ ತಪ್ಪಿರಲಿಲ್ಲ. ಅಡುಗೆ ಮಾಡುವವಳು ಬಲಗೈಗೆ ಸಿಗುವ ಹಾಗೆ ಉಪ್ಪನ್ನು ಬಲಕ್ಕಿಟ್ಟುಕೊಳ್ಳುತ್ತಾಳೆ ಎಂಬುದೊಂದು ಅವನಿಗೆ ತಿಳಿಯದು. ಬಲಗಡೆಯ ಜಾಡಿಯಿಂದ ಮಟ್ಟಸ ಆರು ಚಮಚ ಉಪ್ಪು ಹಾಕಿ, ಎಡಗಡೆಯದರಿಂದ ಎರಡು ಚಿಟಿಕೆ ಸಕ್ಕರೆ ಉದುರಿಸಿ, ಎಲ್ಲವನ್ನೂ ಬಾಟಲಿಗೆ ತುಂಬಿ ಬಿರಡೆ ಬಿಗಿದು, ಅಡುಗೆಮನೆಗೂ ಹಜಾರಕ್ಕೂ ನಡೆಯುತ್ತ ಕುಲುಕತೊಡಗಿದ.

ಹತ್ತೂ ಮುಕ್ಕಾಲಿಗೇ ಹೊರಗೆ ಹಾರ್ನ್ ಕೇಳಿಸಿತು. ಹೆಂಡತಿಯ ಅಕ್ಕ, ಡ್ರೈವಿಂಗ್ ಸ್ಕೂಲು ನಡೆಸುವ ಅತ್ತಿಗೆ, ಎಲ್ಲಿಗೂ ಹೇಳಿದ ಹೊತ್ತಿಗೆ ಬಂದವಳಲ್ಲ, ಕಾಲು ಗಂಟೆ ಮೊದಲೇ ಬರುವವಳು. ಲೋಕದಲ್ಲಿರುವವರೆಲ್ಲ ಸ್ಟಿಯರಿಂಗ್ ಹಿಡಿಯಲು ಬಾರದವರು ಎಂಬಂತೆ ಮಾತಾಡುವವಳು.

"ಏನ್ ಲ್ಯಾಬಣ್ಣೋರೇ, ಬಾಟ್ಲಿ ಹಿಡ್ಕೊಂಡು ಕುಣಿತಾ ಇದ್ದೀರಿ? ಸ್ವಲ್ಪ ಬ್ರೇಕ್ ಹಾಕಿ," ಎಂದು ಒಳಬಂದಳು.

ಹೆಂಡತಿಯೂ ಸೂಟ್‌ಕೇಸ್ ಎಳೆದುಕೊಂಡು ಹಜಾರಕ್ಕೆ ಬಂದಳು. ಲ್ಯಾಬಣ್ಣ ಸೌತೆಕಾಯಿ ಹೋಳಿನ ತಟ್ಟೆ ಮೇಜಿನ ಮೇಲಿಟ್ಟು, ಸಿಹಿಖಾರ ಸುರಿದು, ಚಮಚ ಹಾಕಿ ಅವಳ ಮುಂದೆ ಹಿಡಿದ.

"ನಾನೇ ಮಾಡ್ದೆ. ಹೊರಡೋಕ್ ಮುಂಚೆ ಒಂಚೂರು ನೋಡು."

ಅವಳು ತಟ್ಟೆ ನೋಡಿದಳು, ಅವನ ಕೆಂಪಾದ ಕಣ್ಣು ನೋಡಿದಳು. ಎರಡು ಹೋಳು ಬಾಯಿಗೆ ಹಾಕಿಕೊಂಡು ಅಗಿದಳು. ನುಂಗಿದಳು. ಇನ್ನೊಂದು ಹೋಳು ತಿಂದಳು.

"ಚೆನ್ನಾಗಿದೆ," ಎಂದಳು. "ಖಾರ ಸರಿಯಾಗಿ ಬಿದ್ದಿದೆ. ಇಷ್ಟು ಚೆನ್ನಾಗಿ ಮಾಡ್ತೀರ ಅಂತ ಗೊತ್ತಿರ್ಲಿಲ್ಲ."

ಆ ಕ್ಷಣ ಲ್ಯಾಬಣ್ಣನಿಗೆ ಆದ ಸಂತೋಷ ಇಷ್ಟಿಷ್ಟಲ್ಲ. ಅದು ಎಂಟು ಸೆಕೆಂಡು ಬಾಳಿತು. ಅಷ್ಟರಲ್ಲಿ ಅತ್ತಿಗೆ ಕೈ ಚಾಚಿ ಒಂದು ಹೋಳು ಬಾಯಿಗೆಸೆದುಕೊಂಡಿದ್ದಳು. ಕಣ್ಣು ದೊಡ್ಡದಾಯಿತು, ಕೈ ಬಾಯಿಗೆ ಹೋಯಿತು, ಅಡುಗೆಮನೆಯ ಸಿಂಕಿಗೆ ಓಡಿದಳು. ಉಗಿದು, ಮುಕ್ಕಳಿಸಿ, ಅಲ್ಲಿಂದಲೇ ಕೂಗಿದಳು.

"ಅಯ್ಯೋ ಪುಣ್ಯಾತ್ಮ! ಇದನ್ನ ಬಾಯಿಗಿಡೋಕಾಗುತ್ತಾ? ಉಪ್ಪು, ಬರೀ ಉಪ್ಪು!"

ಲ್ಯಾಬಣ್ಣ ಹೆಂಡತಿಯನ್ನು ನೋಡಿದ. ಅವಳ ಕೈಯಲ್ಲಿ ಇನ್ನೂ ಚಮಚವಿತ್ತು. ಮುಖದ ಬಣ್ಣ ಹೋಗಿತ್ತು.

"ನೀನು ಚೆನ್ನಾಗಿದೆ ಅಂದೆಯಲ್ಲ," ಎಂದ. "ಮೂರು ಹೋಳು ತಿಂದೆ."

ಬಾಯಿ ಒರೆಸಿಕೊಳ್ಳುತ್ತ ಬಂದ ಅತ್ತಿಗೆ ತಂಗಿಯ ಮುಖ ನೋಡಿ ತಣ್ಣಗಾದಳು. "ಹೇಳ್ಬಿಡೇ," ಎಂದಳು ಮೆಲ್ಲಗೆ. "ಇನ್ನೆಷ್ಟು ದಿನ ಬಚ್ಚಿಡ್ತೀಯಾ?"

ಹೆಂಡತಿ ಸೂಟ್‌ಕೇಸಿನ ಮೇಲೆಯೇ ಕುಳಿತಳು. "ಆ ಜ್ವರ ಬಿಟ್ಟ ದಿನದಿಂದ ಹೀಗೇ. ಮೂಗಿಗೆ ವಾಸನೆ ಇಲ್ಲ, ನಾಲಿಗೆಗೆ ರುಚಿ ಇಲ್ಲ. ಬಾಯಲ್ಲಿ ಬಟ್ಟೆ ಇಟ್ಕೊಂಡ ಹಾಗಿರುತ್ತೆ. ಖಾರ ಒಂದು ಸುಡುತ್ತೆ, ಗೊತ್ತಾಗೋದು ಅಷ್ಟೇ. ಅಕ್ಕನ ಮನೆ ಹತ್ರ ಒಬ್ರು ಮೂಗು-ಗಂಟಲ ಡಾಕ್ಟ್ರು ಇದಾರಂತೆ. ತೋರಿಸ್ಕೊಂಡು ಬರೋಣ ಅಂತ ಹೊರಟಿದ್ದೆ."

"ನನಗೆ ಯಾಕೆ ಹೇಳ್ಲಿಲ್ಲ?"

"ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಕಾದೆ. ಏನಂತ ಹೇಳ್ಲಿ? ಎಲ್ರೂ ಕೈರುಚಿ, ಕೈರುಚಿ ಅಂತಿದ್ರು. ಆ ಕೈಯಲ್ಲಿ ಏನೂ ಇಲ್ಲ ಅಂತ ಹೇಳ್ಲಾ? ಅಳತೆ ಎಲ್ಲ ಅಂದಾಜಲ್ಲೇ ಹಾಕ್ತಿದ್ದೆ. ಸರಿ ಬಿತ್ತೋ ಇಲ್ವೋ ಅಂತ ನೀವು ಊಟ ಮಾಡೋವಾಗ ನಿಮ್ಮ ಮುಖ ನೋಡ್ತಿದ್ದೆ. ನೀವು ಎರಡೆರಡು ಸಲ ಬಡಿಸ್ಕೊಂಡು ತಿಂದ್ರಿ. ಸದ್ಯ, ನಾಲಿಗೆ ಹೋದ್ರೂ ಕೈ ಹೋಗಿಲ್ಲ ಅಂದ್ಕೊಂಡೆ. ಆ ಧೈರ್ಯದಲ್ಲೇ ಇಷ್ಟು ದಿನ ತಳ್ಳಿದೆ ಕಣ್ರೀ."

ಲ್ಯಾಬಣ್ಣನ ಕಾಲು ಸುಮ್ಮನಿರಲಿಲ್ಲ. ಕಿಟಕಿಯವರೆಗೆ ಹೋದ, ತಿರುಗಿ ಬಂದ. ಅವಳು ಹಿಡಿದು ನಿಂತಿದ್ದ ಒಂದೇ ಒಂದು ಗೂಟ ತನ್ನ ಸುಳ್ಳು ಮುಖ. ಅದನ್ನು ಈಗ ಕಿತ್ತರೆ ಅವಳಿಗೇನು ಉಳಿಯುತ್ತದೆ? ಕೀಳದಿದ್ದರೆ ಇಬ್ಬರೂ ಇದೇ ಮೇಜಿನ ಎದುರುಬದುರು ಕೂತು ಇನ್ನೆಷ್ಟು ವರ್ಷ ಹೀಗೇ ನಟಿಸಬೇಕು?

"ಸರಿಯಾಗಿರ್ತಿತ್ತು, ಅಲ್ವಾ?" ಎಂದಳು ಅವಳು. ಕೇಳುವಾಗಲೂ ಅದೇ ದಿಟ್ಟಿಸುವ ನೋಟ. ಅದನ್ನು ಸಿಟ್ಟು ಎಂದುಕೊಂಡು ಆರು ವಾರ ಹೆದರಿದ್ದೆನಲ್ಲ ಎಂದು ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ಇಲ್ಲ," ಎಂದ. "ಒಂದಿನ ಉಪ್ಪಿನ ಗಣಿ, ಒಂದಿನ ಸಪ್ಪೆ. ಒಂದಿನಾನೂ ಸರಿಯಾಗಿರ್ಲಿಲ್ಲ."

"ಒಂದಿನಾನೂ?"

"ಒಂದಿನಾನೂ."

"ಮೊನ್ನೆಯ ಸೂಪು?"

"ಹಿತ್ತಲಿಗೆ ಹೋಗಿ ಎರಡು ತಂಬಿಗೆ ನೀರು ಕುಡಿದೆ."

ಅವಳ ಮುಖ ಮೊದಲು ಸಣ್ಣದಾಯಿತು. ಕಣ್ಣು ತುಂಬಿಕೊಂಡಿತು. ಆಮೇಲೆ ನಿಧಾನಕ್ಕೆ ಕೆಂಪೇರಿತು. ಸೂಟ್‌ಕೇಸಿನ ಮೇಲಿಂದ ಎದ್ದು ನಿಂತಳು.

"ಆರು ವಾರ! ಬಿ.ಪಿ. ಮಾತ್ರೆ ನುಂಗೋ ಮನುಷ್ಯ ಆರು ವಾರ ಉಪ್ಪು ತಿಂದ್ರಾ? ನಿಮ್ಮ ಬಾಯಿಗೇನಾಗಿತ್ತು ರೀ? ಅಷ್ಟು ವರ್ಷ ಮಕ್ಕಳಿಗೆ ಅದು ಮುಟ್ಬೇಡ ಇದು ಮುಟ್ಬೇಡ ಅಂತ ಬೊಬ್ಬೆ ಹೊಡೆದ್ರಲ್ಲ, ನನ್ನ ಮುಂದೆ ಒಂದು ಮಾತು ಹೇಳೋಕೆ ಏನು ದಾಡಿ? ಸತ್ತೇಹೋಗಿದ್ರೆ?"

"ನೀನು ಬೇಕಂತಲೇ ಹಾಕ್ತಿದ್ದೀಯ ಅಂದ್ಕೊಂಡೆ," ಎಂದ ಲ್ಯಾಬಣ್ಣ ನೆಲ ನೋಡುತ್ತ. "ನಾನು ಮನೇಲಿರೋದು ನಿನಗೆ ಬೇಡವಾಗಿದೆ, ಅದಕ್ಕೇ ಹೀಗೆ ಅಂತ. ಏನಾದ್ರೂ ಅಂದ್ರೆ ಹೊರಟುಹೋಗ್ತೀಯ ಅಂತ ಭಯ ಆಯ್ತು."

ಅತ್ತಿಗೆ ಹಣೆ ಹಣೆ ಚಚ್ಚಿಕೊಂಡಳು. "ನಿಮ್ಮಿಬ್ಬರಿಗೂ ಸಂಸಾರ ಓಡ್ಸೋಕೆ ಲೈಸೆನ್ಸ್ ಕೊಟ್ಟೋರು ಯಾರೋ ಕಾಣೆ. ನಾನಂತೂ ಪಾಸ್ ಮಾಡ್ತಿರ್ಲಿಲ್ಲ."

ಹೆಂಡತಿ ಚಮಚದಲ್ಲಿ ಒಂದು ಹೋಳು ಎತ್ತಿ ಗಂಡನ ಬಾಯಿಯ ಹತ್ತಿರ ಹಿಡಿದಳು. "ತಿನ್ನಿ."

"ಉಪ್ಪು ಅಂತ ಗೊತ್ತಾಯ್ತಲ್ಲ."

"ತಿನ್ನಿ ಅಂದೆ."

ಅವನು ತಿಂದ. ಕಣ್ಣು ಮುಚ್ಚಿಹೋಯಿತು, ಮೂಗು ಸೊಟ್ಟಗಾಯಿತು, ಭುಜ ಕಿವಿಯವರೆಗೆ ಏರಿತು. ಅವಳು ಹತ್ತಿರ ಬಾಗಿ ಪೂರ್ತಿ ನೋಡಿದಳು.

"ಹೂಂ. ಈ ಮುಖನ ಆರು ವಾರ ಎಲ್ಲಿಟ್ಟಿದ್ರಿ?" ಎಂದಳು. ಅತ್ತಿಗೆಗೆ ನಗು ತಡೆಯಲಾಗಲಿಲ್ಲ. ಲ್ಯಾಬಣ್ಣನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ, ನೀರು ಕುಡಿಯಲು ಓಡಿದ.

ಆದರೂ ಅವಳು ಹೋಗಲೇಬೇಕಿತ್ತು. ಮಧ್ಯಾಹ್ನ ಎರಡಕ್ಕೆ ಡಾಕ್ಟರು ಸಮಯ ಕೊಟ್ಟಿದ್ದರು. ಸೂಟ್‌ಕೇಸ್ ಡಿಕ್ಕಿಗೆ ಹಾಕುತ್ತ ಅತ್ತಿಗೆ ಹೇಳಿದಳು, ಇಂಥ ಕಾಯಿಲೆಗೆ ದಿನಾ ಗಾಢ ವಾಸನೆಯ ಸೊಪ್ಪು ಮೂಸಬೇಕಂತೆ, ಹಾಗೆ ಮೂಸಿ ಮೂಸಿಯೇ ಕೆಲವರಿಗೆ ವಾಪಸ್ ಬರುತ್ತಂತೆ. ಕೆಲವರಿಗೆ ಬರುವುದಿಲ್ಲವಂತೆ, ಅದನ್ನೂ ಹೇಳಿದಳು. ಹೆಂಡತಿ ನಾಲ್ಕು ಕಡ್ಡಿ ತೆಗೆದುಕೊಳ್ಳುತ್ತೇನೆಂದು ಹಿತ್ತಲಿಗೆ ನಡೆದಳು. ಲ್ಯಾಬಣ್ಣ ಕರೆಯದಿದ್ದರೂ ಹಿಂದೆಯೇ ಹೋದ.

ಅವಳು ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಕಾಮಕಸ್ತೂರಿಯ ಎಲೆಯೊಂದನ್ನು ಕಿತ್ತು ಅಂಗೈಯಲ್ಲಿ ತಿಕ್ಕಿ ಮೂಗಿಗೆ ಹಿಡಿದಳು. ತುಂಬಾ ಹೊತ್ತು ಹಿಡಿದಳು.

"ಬರ್ದೇ ಹೋದ್ರೆ?" ಎಂದಳು, ಅವನ ಕಡೆ ತಿರುಗದೆ.

ಬಂದೇ ಬರುತ್ತೆ ಎಂದು ಸುಳ್ಳು ಹೇಳುವ ಧೈರ್ಯ ಅವನಿಗಿರಲಿಲ್ಲ. ಪಕ್ಕದಲ್ಲಿ ಕೂತ. ಅವಳು ಎಲೆ ತಿಕ್ಕಿದ ಅಂಗೈಯನ್ನು ಅವನ ಮೂಗಿನ ಮುಂದೆ ಚಾಚಿದಳು.

"ಹೇಗಿದೆ ಹೇಳಿ. ನನಗೆ ಮರೆತೇಹೋಗ್ತಿದೆ."

ಕೈ ಬೀಸಿಕೊಂಡು ಗಾಳಿ ತೆಗೆದುಕೊಳ್ಳಲಿಲ್ಲ ಅವನು. ಅವಳ ಮಣಿಕಟ್ಟು ಹಿಡಿದು ಅಂಗೈಗೆ ಮೂಗಿಟ್ಟು ಉಸಿರೆಳೆದ. ಲವಂಗದ ಹಾಗೆ ಎನ್ನಲೇ? ಪೂರ್ತಿ ಲವಂಗವಲ್ಲ. ಸೋಂಪಿನ ಹಾಗೆ ಎನ್ನಲೇ? ಅದೂ ಅಲ್ಲ. ಸಾವಿರ ಸೀಸೆಗಳಿಗೆ ಚೀಟಿ ಬರೆದವನಿಗೆ ಇದಕ್ಕೊಂದು ಹೆಸರು ಸಿಗಲಿಲ್ಲ. ಮತ್ತೊಮ್ಮೆ ಉಸಿರೆಳೆದ.

"ನಿನ್ನ ಕೈ ಹಾಗಿದೆ," ಎಂದ. "ಮದುವೆಯಾದಾಗಿಂದ ನಿನ್ನ ಕೈ ಹೀಗೇ ಇರೋದು. ಇದು ಸೊಪ್ಪಿನ ವಾಸನೆ ಅಂತ ನನಗೆ ಇವತ್ತೇ ಗೊತ್ತಾಗಿದ್ದು."

ಅವಳು ಆ ಕೈಯನ್ನು ಬಿಡಿಸಿಕೊಳ್ಳಲಿಲ್ಲ. ಎಲೆ ಮುಟ್ಟದ ಇನ್ನೊಂದು ಅಂಗೈಯನ್ನು ಮೂಗಿಗೆ ಒತ್ತಿ ಉಸಿರೆಳೆದುಕೊಂಡಳು. ಅವಳಿಗೆ ಏನೂ ಸಿಗಲಿಲ್ಲ. ಆ ಕೈಯನ್ನೂ ಅವನ ಮುಂದೆ ಹಿಡಿದಳು.

"ಇದರಲ್ಲೂ ಇದೆಯಾ?"

ಅವನು ಮೂಸಿದ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು.

"ಇದೆ."

ಹೊರಗೆ ಅತ್ತಿಗೆ ಹಾರ್ನ್ ಹೊಡೆಯಲು ಶುರುಮಾಡಿದಳು. ಹೆಂಡತಿ ಸೆರಗಿನಿಂದ ಕಣ್ಣು ಒರೆಸಿಕೊಂಡು ಎದ್ದಳು.

"ಹೋಗಿ ಚಪ್ಪಲಿ ಹಾಕ್ಕೊಳ್ಳಿ," ಎಂದಳು. "ಬಿ.ಪಿ. ಮಾತ್ರೆ ಜೊತೆಗೆ ತಗೊಳ್ಳೋದು ಮರೀಬೇಡಿ. ಎಷ್ಟು ದಿನ ಆಗುತ್ತೋ ಗೊತ್ತಿಲ್ಲ."